ಹದಿನೆಂಟು ಗುಂಡಿಯ ಅಂಗಿ

ಆ ಬೀದಿಯ ದರ್ಜಿಗೆ 'ನಾಳೆ ಮಾಸ್ಟರ್' ಎಂದು ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಕತ್ತರಿ ಚುರುಕು, ಕೈ ಅಚ್ಚುಕಟ್ಟು, ಬಾಯಿ ಮಾತ್ರ ಎಲ್ಲದಕ್ಕೂ 'ನಾಳೆ' ಎನ್ನುತ್ತಿತ್ತು. ಗಿರಾಕಿಗಳು ಬೈದುಕೊಂಡಾದರೂ ಮತ್ತೆ ಬರುತ್ತಿದ್ದರು. ಅಳತೆ ಕೊಟ್ಟ ದಿನ ಇದ್ದ ಸೊಂಟ ಪ್ಯಾಂಟು ಕೈಗೆ ಬರುವಷ್ಟರಲ್ಲಿ ಇರುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಹೆಂಡತಿ ಹಾಗಲ್ಲ. ಅಂಚೆ ಕಚೇರಿಯಲ್ಲಿ ದಿನವಿಡೀ ಬೇರೆಯವರ ಕಾಗದಗಳ ಮೇಲೆ ತಾರೀಖು ಒತ್ತುವವಳಿಗೆ ತಾರೀಖು ಅಂದರೆ ತಾರೀಖು. ಅಡುಗೆಮನೆಯಲ್ಲಿ ಎರಡು ವರ್ಷ ಹಳೆಯ ಕ್ಯಾಲೆಂಡರಿನ ಒಂದು ಹಾಳೆಯನ್ನು ಅವಳು ಇನ್ನೂ ಇಳಿಸಿರಲಿಲ್ಲ. ಹಸಿರು ದಿಬ್ಬ, ಕೆರೆ, ಕೆರೆಯಾಚೆ ಬೆಟ್ಟ. ಕೆಳಗೆ 'ಸಾರ್ವಜನಿಕ ಗಾಲ್ಫ್ ಮೈದಾನ, ಎಲ್ಲರಿಗೂ ಸ್ವಾಗತ' ಎಂದು ಬರೆದು ಒಂದು ಫೋನ್ ನಂಬರು. ಅಲ್ಲಿಗೆ ಹೋಗೋಣವೆಂದು ಮಾಸ್ಟರ್ ನಾಲ್ಕು ಸಲ ಹೇಳಿ ನಾಲ್ಕು ಸಲವೂ ಮುಂದೂಡಿದ್ದ.

"ಈ ಭಾನುವಾರ ಆಗ್ಲಿಲ್ಲಾಂದ್ರೆ ನಾನೊಬ್ಬಳೇ ಹೋಗ್ತೀನಿ ರೀ. ಆಮೇಲೆ ಎಲ್ಲಿಗೂ ನಿಮ್ಮನ್ನ ಕರೆಯಲ್ಲ."

ಕೂಗಾಡಿದ್ದರೆ ಅವನು ಹೆದರುತ್ತಿರಲಿಲ್ಲ. ತಟ್ಟೆ ಒರೆಸುತ್ತಾ ಮೆಲ್ಲಗೆ ಹೇಳಿದಳು. ಮಾಸ್ಟರ್ ಅಂದೇ ಆ ನಂಬರಿಗೆ ಫೋನು ಮಾಡಿದ.

"ಕಾಲರ್ ಇರೋ ಅಂಗಿ ಕಡ್ಡಾಯ," ಎಂದ ಅಲ್ಲಿಯ ಗುಮಾಸ್ತ. "ಒಂಬತ್ತು ಗುಂಡಿನೋ, ಹದಿನೆಂಟೋ?"

ದರ್ಜಿಗೆ ಗುಂಡಿ ಅಂದರೆ ಒಂದೇ ಅರ್ಥ. ದೊಡ್ಡವರು ಓಡಾಡುವ ಜಾಗ, ಅಂಗಿಗೂ ಒಂದು ಲೆಕ್ಕ ಇರುತ್ತದೆ ಅಂದುಕೊಂಡ. ಒಂಬತ್ತು ಅಂದರೆ ಕಸುಬಿನ ಮರ್ಯಾದೆ ಏನಾದೀತು?

"ಹದಿನೆಂಟೇ ಇರ್ಲಿ ಸ್ವಾಮಿ."

"ಅಭ್ಯಾಸ ಇದೆಯಾ?"

"ಮೂವತ್ತು ವರ್ಷದಿಂದ ಅದೇ ಕೆಲಸ. ದಿನಕ್ಕೆ ನೂರು ಗುಂಡಿ ಅಂದ್ರೂ ಕೈ ನೋಯಲ್ಲ."

ಆ ಕಡೆ ಕುರ್ಚಿ ಸರಿಸಿ ಎದ್ದು ನಿಂತ ಸದ್ದು. ಆಮೇಲೆ, "ಬನ್ನಿ ಸಾರ್, ಖಂಡಿತ ಬನ್ನಿ!"

ವಾರವಿಡೀ ಗಿರಾಕಿಗಳ ಬಟ್ಟೆ ಮೂಲೆ ಸೇರಿತು. ಎದೆಗೆ ಏಳು, ಕಾಲರಿಗೆ ಎರಡು, ತೋಳಿಗೆ ನಾಲ್ಕು, ಜೇಬಿಗೆ ಎರಡು, ಹಿಂಡಿದರೂ ಹದಿನೈದು. ಶನಿವಾರ ಮಧ್ಯಾಹ್ನ ಹೆಗಲ ಮೇಲೆ ಒಂದೊಂದು ಕೂರಿಸಿ ಹದಿನೇಳಾಯಿತು. ಕೊನೆಯದಕ್ಕೆ ಜಾಗವೇ ಇಲ್ಲ.

"ಮುಂದಿನ ವಾರ ಹೋದ್ರೆ ಹೇಗೆ ಕಣೇ? ಒಂದೇ ಒಂದು ಗುಂಡಿ ಉಳಿದಿದೆ..."

ಬ್ಯಾಂಡ್ ಸೆಟ್ಟಿನವನ ಅಂಗಿಯಂತಿದ್ದ ಅದನ್ನು ಅವಳು ಮೇಲಿಂದ ಕೆಳಗೆ ನೋಡಿದಳು. ಯಾಕೆ ಇಷ್ಟೊಂದು ಗುಂಡಿ ಎಂದು ಕೇಳಿದಳು. ಅವನು ಹೇಳಿದ್ದನ್ನು ಕೇಳಿ ತಾನೇ ಗುಮಾಸ್ತನಿಗೆ ಫೋನು ಮಾಡಿ ಗುಂಡಿಯ ಲೆಕ್ಕ ವಿಚಾರಿಸಿದಳು.

"ದಿನಕ್ಕೆ ನೂರು ಗುಂಡಿ ಮುಗಿಸೋ ಸಾಹೇಬರ ಮನೆಯವರಾ? ಅವರ ಆಟ ನೋಡೋಕೆ ನಮ್ಮ ಕೋಚೇ ಬರ್ತಾರಂತೆ ಅಮ್ಮಾ!"

ಅವಳು ಕೆದಕಿದ ಮೇಲೆ ಗುಮಾಸ್ತ ಬಿಡಿಸಿ ಹೇಳಿದ. ಗುಂಡಿ ಇರುವುದು ನೆಲದಲ್ಲಿ. ಕೋಲಿನಿಂದ ಚೆಂಡು ಹೊಡೆದು ಒಂದೊಂದರೊಳಗೂ ಬೀಳಿಸುತ್ತಾ ನಡೆಯಬೇಕು. ಒಂಬತ್ತಕ್ಕೆ ಎರಡು ಗಂಟೆ, ಹದಿನೆಂಟಕ್ಕೆ ನಾಲ್ಕು. ಕೋಲು ಅಲ್ಲೇ ಬಾಡಿಗೆಗೆ ಸಿಗುತ್ತದೆ.

ಫೋನಿಟ್ಟವಳು ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಉಸಿರು ಸಿಕ್ಕಾಗಲೆಲ್ಲ ಅಷ್ಟಷ್ಟೇ ವಿಷಯ ಹೇಳಿದಳು. ಮಾಸ್ಟರ್ ಕಿವಿ ಕೆಂಪಾಯಿತು.

"ಹಾಗಾದ್ರೆ ಒಂಬತ್ತೇ ಸಾಕಲ್ವಾ? ನನ್ನ ಮಂಡಿ..."

"ಹದಿನೆಂಟೂ ಆಗ್ಬೇಕು. ಬೆಳಿಗ್ಗೆ ಆರಕ್ಕೆ ಬಸ್ಸು. ಮಂಡಿ ಬರಲ್ಲ ಅಂದ್ರೆ ಅದನ್ನ ಮನೇಲಿ ಬಿಟ್ಟು ನೀವು ಬನ್ನಿ."

ಮರುದಿನ ಮಾಸ್ಟರ್ ಏಳುವುದು ತಡವಾದಾಗ ಅವಳು ಹೇಳಿದಂತೆ ಒಬ್ಬಳೇ ಹೊರಟು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಳು. ಆರಕ್ಕೆ ಒಂದು ನಿಮಿಷವಿದ್ದಾಗ ಮಾಸ್ಟರ್ ಸಾದಾ ಅಂಗಿಯಲ್ಲಿ ಏದುಸಿರು ಬಿಡುತ್ತಾ ಹತ್ತಿದ. ಪಕ್ಕದ ಸೀಟಿನಲ್ಲಿ ಅವಳ ಚೀಲವಿತ್ತು. ಕೂರಬಹುದೋ ಇಲ್ಲವೋ ತಿಳಿಯದೆ ಕಂಬ ಹಿಡಿದು ನಿಂತ.

ಅವಳು ಕಿಟಕಿಯಾಚೆಯೇ ನೋಡುತ್ತಾ ಚೀಲವನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.