ಕೂರ್ ಬೇಕಾ, ಬೇಡ್ವಾ?

ಹಡಗಿನ ವಿಷಯದಲ್ಲಿ ವಸಂತಕುಮಾರನಿಗೆ ಯಾರೂ ಟೋಪಿ ಹಾಕುವಂತಿರಲಿಲ್ಲ. ಬಹರೈನಿನ ಹಿದ್ ಬಂದರಿಗೆ ರಿಪೇರಿಗೆಂದು ಬಂದು ನಿಲ್ಲುವ ಹಡಗುಗಳಿಗೆ ಹಗ್ಗ, ಬಣ್ಣ, ಬೇಳೆ, ಬ್ಯಾಟರಿ ಎಂದು ಕೇಳಿದ್ದನ್ನೆಲ್ಲ ಒದಗಿಸುವ ಕಂಪನಿಯೊಂದರಲ್ಲಿ ಅವನು ಮ್ಯಾನೇಜರ್. ಗ್ರೀಕ್ ಕಪ್ತಾನರ ಬೈಗುಳ, ಫಿಲಿಪಿನೋ ಅಡುಗೆಯವರ ಗೋಳು, ಎಲ್ಲವನ್ನೂ ಅರಗಿಸಿಕೊಂಡವನು. ಆದರೆ ರೈಲು ಅಂದರೆ ಮಾತ್ರ ಏನೂ ಗೊತ್ತಿಲ್ಲದ ಮಗು. ಅದರಲ್ಲಿ ಅವನ ತಪ್ಪೇನೂ ಇಲ್ಲ ಬಿಡಿ. ಅವನ ಕಾಲದ ಉಡುಪಿ ಕಡೆಯ ಹುಡುಗರು ಬೊಂಬಾಯಿಗೆ ಹೋದದ್ದು ಬಸ್ಸಿನಲ್ಲಿ, ಬೊಂಬಾಯಿಯಿಂದ ಬಹರೈನಿಗೆ ಬಂದದ್ದು ವಿಮಾನದಲ್ಲಿ. ನಡುವೆ ಬೊಂಬಾಯಿಯ ಲೋಕಲ್ ಟ್ರೈನಿನ ಬಾಗಿಲಿಗೆ ಜೋತುಬಿದ್ದದ್ದುಂಟು, ಕೂತದ್ದು ಅವನಿಗೆ ನೆನಪಿಲ್ಲ.

ಅಂಥ ಮನುಷ್ಯ ಆಲ್ಪ್ಸ್ ಪರ್ವತ ದಾಟುವ ರೈಲಿಗೆ ಏರ್ಪಾಡು ಮಾಡಲು ಹೊರಟ. ಕಾರಣ, ಹೆಂಡತಿ ಲೀಲಾಕ್ಷಿ.

ಲೀಲಾಕ್ಷಿ ಬಾರ್ಕೂರಿನವಳು. ಅವಳ ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಸುದ್ದಿ ಬಂದಾಗ ವಸಂತಕುಮಾರನಿಗೆ ರಜೆ ಸಿಗಲಿಲ್ಲ. ಅವಳೊಬ್ಬಳೇ ಹೋದಳು, ಹೊತ್ತಿಗೆ ಮುಟ್ಟಲಿಲ್ಲ. ಎಲ್ಲಿ ತಡವಾಯಿತು, ಹೇಗೆ ತಡವಾಯಿತು ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ತಿರುಗಿ ಬಂದವಳು ಜಗಳವಾಡಲಿಲ್ಲ, ಅತ್ತು ರಂಪ ಮಾಡಲಿಲ್ಲ. ಅವನಲ್ಲಿ ಏನನ್ನಾದರೂ ಕೇಳುವುದನ್ನು ಬಿಟ್ಟಳು, ಅಷ್ಟೇ. ಸೀರೆ ತೆಗೆಯುವನಾ ಎಂದರೆ ‘ಉಂಟಲ್ಲ’. ಹೊರಗೆ ಊಟಕ್ಕೆ ಹೋಗುವನಾ ಎಂದರೆ ‘ಅನ್ನ ಆಗಿದೆ’. ಮಗ ಪ್ರೀತಮ್ ದುಬೈಯಲ್ಲಿ ಕೆಲಸಕ್ಕೆ ಸೇರಿದ ಮೇಲಂತೂ ಬಹರೈನಿನ ಅರಾದ್‌ನಲ್ಲಿದ್ದ ಅವರ ಫ್ಲ್ಯಾಟಿನಲ್ಲಿ ಮಾತಿಗೇ ಬರಗಾಲ. ಜಗಳಗಂಟಿ ಹೆಂಡತಿಯೊಡನೆ ಹೇಗಾದರೂ ಏಗಬಹುದು, ಏನೂ ಬೇಡ ಎನ್ನುವ ಹೆಂಡತಿಯ ಎದುರು ಗಂಡಸು ಏನು ಮಾಡಬೇಕು? ವಸಂತಕುಮಾರನಿಗೆ ಗೊತ್ತಾಗುತ್ತಿರಲಿಲ್ಲ.

ಹೀಗಿರುವಾಗ ತೊಂಬತ್ತೆಂಟರ ಚಳಿಗಾಲದ ಒಂದು ಶುಕ್ರವಾರ, ಗಂಡಹೆಂಡತಿ ಚಾ ಕುಡಿಯುತ್ತ ಟಿವಿ ನೋಡುತ್ತಿದ್ದರು. ಹಿಮದ ಬೆಟ್ಟಗಳ ನಡುವೆ ಒಂದು ಕೆಂಪು ರೈಲು. ಎತ್ತರದ ಸೇತುವೆಯ ಮೇಲೆ ಬಳುಕಿ ಬಂದು ಸೀದಾ ಬಂಡೆಯೊಳಗಿನ ಸುರಂಗಕ್ಕೆ ನುಗ್ಗಿತು. ಲೀಲಾಕ್ಷಿ ಚಾ ಲೋಟವನ್ನು ಕೆಳಗಿಟ್ಟಳು.

“ನಂಗೂ ಒಮ್ಮೆ ಇಂಥ ರೈಲಿನಲ್ಲಿ ಕೂರ್ಬೇಕು ಮಾರಾಯ್ರೆ” ಎಂದಳು.

ವಸಂತಕುಮಾರನಿಗೆ ಬಿಸಿ ಚಾ ನೆತ್ತಿಗೇರಿತು. ಬೇಕು! ನಾಲ್ಕು ವರ್ಷದ ಮೇಲೆ ಅವಳ ಬಾಯಿಂದ ‘ಬೇಕು’ ಬಂದಿತ್ತು. ಆಲ್ಪ್ಸ್ ಆದರೇನು, ಹಿಮಾಲಯ ಆದರೇನು, ಇದೊಂದನ್ನು ಮಾಡಿಕೊಡದಿದ್ದರೆ ತಾನು ಗಂಡನೇ ಅಲ್ಲ ಎಂದುಕೊಂಡ.

ಅವಳು ಹಾಗೆಂದದ್ದು ಯಾಕೆ ಎಂದು ಆಗಲೇ ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕೇಳುವ ಅಭ್ಯಾಸ ಅವನಿಗೂ ತಪ್ಪಿಹೋಗಿತ್ತು.

ಮುಹರ್ರಕ್ ಮಾರ್ಕೆಟಿನ ಹಿಂದೆ ಆಲ್ಫೋನ್ಸ್ ಎಂಬ ಮಂಗಳೂರಿನವನ ಟ್ರಾವೆಲ್ಸ್ ಅಂಗಡಿ ಇತ್ತು. ಕೊಲ್ಲಿಗೆ ಬಂದ ನಮ್ಮವರಲ್ಲಿ ಅರ್ಧ ಜನರನ್ನು ಅವನೇ ಊರಿಗೆ ಕಳಿಸಿ ಅವನೇ ವಾಪಸು ಕರೆಸಿದ್ದು. ಆದರೆ ಸ್ವಿಟ್ಜರ್ಲೆಂಡಿಗೆ ಅವನೂ ಹೊಸಬ. ವಸಂತಕುಮಾರ ಕೇಳಿದಾಗ ಮೊದಲು ನಕ್ಕ, ಆಮೇಲೆ ಎಲ್ಲಿಂದಲೋ ಒಂದು ಬಣ್ಣದ ನಕಾಶೆ ತರಿಸಿ ಮೇಜಿನ ಮೇಲೆ ಹರಡಿದ.

“ನೋಡಿ ವಸಂತಣ್ಣ, ಜರ್ಮಾಟ್‌ನಲ್ಲಿ ಹತ್ತುದು, ಸೇಂಟ್ ಮೋರಿಟ್ಸ್‌ನಲ್ಲಿ ಇಳಿಯುದು. ನಡುವೆ ಕೂರ್ ಬೇಕಾ, ಬೇಡ್ವಾ?”

“ಕೂರ್ಬೇಕಾ ಅಂದ್ರೆ? ಇಡೀ ದಿನದ ದಾರಿ, ನಿಂತುಕೊಂಡು ಹೋಗುದಾ ಮತ್ತೆ?”

“ಕೂರುದಲ್ಲ ಮಾರಾಯ್ರೆ, ಕೂರ್! ಅದು ಊರಿನ ಹೆಸರು. ಅಲ್ಲಿ ಇಳಿದು ಒಂದು ರಾತ್ರಿ ಉಳಿಬಹುದು, ಇಲ್ಲಾಂದ್ರೆ ಸೀದಾ ಹೋಗ್ಬಹುದು.”

ವಸಂತಕುಮಾರ ಕನ್ನಡಕ ಏರಿಸಿ ನಕಾಶೆಯ ಮೇಲೆ ಬೆರಳಾಡಿಸಿದ. “ಎಲ್ಲುಂಟು ಕೂರ್? ಇಲ್ಲಿ ಚೂರು ಅಂತ ಒಂದುಂಟು.”

“ಅದೇ. ಬರೆಯುದು ಚೂರು, ಹೇಳುದು ಕೂರು.”

ಇದೆಂಥ ದೇಶವಪ್ಪ ಎನಿಸಿತು ಅವನಿಗೆ. ಮರ್ಯಾದೆ ಬಿಡದೆ, ತಿಳಿದವನಂತೆ ತಲೆಯಾಡಿಸಿ, “ಆಗ್ಲಿ, ಸ್ಟಾರ್‌ಬೋರ್ಡ್ ಸೈಡಿನಲ್ಲಿ ಎರಡು ಸೀಟು ಹಾಕಿ” ಎಂದ. ಹಡಗಿನವರು ಬಲಬದಿಗೆ ಹೇಳುವ ಮಾತು ಅದು.

“ಬಲಬದಿಯಾ? ಅದು ಹೇಳ್ಲಿಕ್ಕೆ ಬರುದಿಲ್ಲ. ಕೂರ್‌ಗೆ ಬಂದ ದಾರಿಯಲ್ಲೇ ರೈಲು ಚೂರು ಹಿಂದೆ ಹೋಗ್ತದಂತೆ. ಅಲ್ಲಿಂದ ನಿಮ್ಮ ಬಲ ಎಡ ಆಗ್ತದೆ, ಎದುರು ಹಿಂದೆ ಆಗ್ತದೆ.”

ಮೂತಿಯೇ ಬಾಲವಾಗುವ ವಾಹನವನ್ನು ವಸಂತಕುಮಾರ ಜನ್ಮದಲ್ಲಿ ಕೇಳಿರಲಿಲ್ಲ. ಅರಾದ್‌ಗೆ ಬರುವ ದಾರಿಯುದ್ದಕ್ಕೂ ಕಾರಿನ ಸ್ಟೇರಿಂಗ್ ಮೇಲೆ ಬೆರಳಿಟ್ಟು ಎಡ ಯಾವುದು, ಬಲ ಯಾವುದು ಎಂದು ಲೆಕ್ಕ ಹಾಕಿದ. ತನ್ನ ಮನೆಯ ತಿರುವನ್ನೇ ದಾಟಿ ಮುಂದೆ ಹೋದ.

ಆ ಸಂಜೆ ಹೆಂಡತಿಗೆ ಹೇಳಿಯೇಬಿಟ್ಟ: “ನಿನ್ನ ರೈಲಿಗೆ ಏರ್ಪಾಡು ಮಾಡ್ತಿದ್ದೇನೆ. ಜೂನ್‌ನಲ್ಲಿ ರಜೆ ಹಾಕಿ ಹೋಗುವ.”

ಲೀಲಾಕ್ಷಿ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದುಕೊಂಡು ನಿಂತಳು. “ನಿಜವಾ? ನಾನು ಹೇಳಿದ್ದು ನಿಮ್ಗೆ ಅರ್ಥ ಆಯ್ತಾ?”

“ಅರ್ಥ ಆಗದೆ ಮತ್ತೆ?”

ಅವಳ ಕಣ್ಣು ತುಂಬಿತು. ವಸಂತಕುಮಾರನ ಎದೆಯೂ ತುಂಬಿತು. ಅವತ್ತು ಊಟಕ್ಕೆ ಅವನು ಕೇಳದೆಯೇ ಅವಳು ಹಪ್ಪಳ ಕರಿದಳು.

ಗೊಂದಲ ಶುರುವಾದದ್ದು ಅಲ್ಲಿಂದ. ಮರುವಾರದಿಂದ ಮನೆಯಲ್ಲಿ ಹಾಲಿನ ಪುಡಿಯ ಡಬ್ಬಗಳು ಗೋಪುರ ಕಟ್ಟತೊಡಗಿದವು. ಆಮೇಲೆ ನೋವಿನ ಎಣ್ಣೆಯ ಬಾಟಲಿಗಳು, ಖರ್ಜೂರ, ಟಾರ್ಚು, ಸೀರೆ. ವಸಂತಕುಮಾರನಿಗೆ ತಲೆಬುಡ ಅರ್ಥವಾಗಲಿಲ್ಲ.

“ಹಾಲಿನ ಪುಡಿ ಯಾಕೆ? ಅಲ್ಲಿ ಸಿಗುದಿಲ್ವಾ?”

“ಸಿಗ್ತದೆ. ಆದ್ರೆ ಇಲ್ಲಿಯದ್ದರ ರುಚಿ ಬೇರೆ ಅಂತಾರಲ್ಲ ಎಲ್ರೂ.”

ಹಾಲಿಗೇ ಹೆಸರಾದ ದೇಶಕ್ಕೆ ಹಾಲಿನ ಪುಡಿ ಹೊತ್ತುಕೊಂಡು ಹೋಗುವುದೇ! ಆದರೆ ಅವಳು ನಗುನಗುತ್ತ ಡಬ್ಬ ಒರೆಸುತ್ತಿದ್ದಳು. ಆ ನಗುವಿಗೆ ಅಡ್ಡ ಬರಲು ಅವನಿಗೆ ಧೈರ್ಯವಾಗಲಿಲ್ಲ. ತಾನು ಮನಾಮಾದಿಂದ ಎರಡು ದಪ್ಪ ಉಣ್ಣೆ ಕೋಟು ತಂದ. ಈಗ ಬೆರಗಾಗುವ ಸರದಿ ಅವಳದ್ದು.

“ಜೂನ್‌ನಲ್ಲಿ ಕೋಟಾ? ಜ್ವರಗಿರ ಬಂತಾ ನಿಮ್ಗೆ?”

“ರೈಲಿನಲ್ಲಿ ಚಳಿ ಆಗ್ತದೆ.”

“ಓ, ಎ.ಸಿ.ಯಾ?” ಎಂದಳು ಲೀಲಾಕ್ಷಿ, ಇಷ್ಟು ಖರ್ಚು ಯಾಕೆ ಎಂಬಂತೆ.

ಎ.ಸಿ.ಯ ಅಜ್ಜನೇ ಅಲ್ಲಿರುವುದು ಎಂದುಕೊಂಡು ಅವನು ಕೋಟುಗಳನ್ನು ಕಪಾಟಿಗೆ ಸೇರಿಸಿದ. ಇನ್ನೊಂದು ದಿನ ಅವಳು, “ಯಾವ ಬದಿಗೆ ಕೂತರೆ ಕಾಣ್ತದೆ?” ಎಂದು ಕೇಳಿದಳು. ಏನು ಕಾಣುವುದು ಎಂದು ಅವನು ಕೇಳಲಿಲ್ಲ, ಬೆಟ್ಟವಲ್ಲದೆ ಇನ್ನೇನು? “ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ” ಎಂದು ಆಲ್ಫೋನ್ಸ್ ಹೇಳಿದ್ದನ್ನೇ ಹೇಳಿದ. ಅವಳು ಅದನ್ನು ಬಹಳ ಹೊತ್ತು ಯೋಚಿಸಿದಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಹಾಗೆ ನಡೆಯುತ್ತಿತ್ತು ಸಂಸಾರ. ಎಳೆಯುತ್ತಿದ್ದೇವೆ ಎಂದು ಎತ್ತಿಗೂ ಗೊತ್ತಿಲ್ಲ, ಕೋಣಕ್ಕೂ ಗೊತ್ತಿಲ್ಲ.

ಅಷ್ಟರಲ್ಲಿ ವಸಂತಕುಮಾರನಿಗೂ ಆ ಕೆಂಪು ರೈಲಿನ ಹುಚ್ಚು ಹಿಡಿದಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದ. ಎರಡು ವರ್ಷಕ್ಕೊಮ್ಮೆ ಸಿಗುವ ರಜೆಯನ್ನು ಇಡಿಯಾಗಿ ಅದಕ್ಕೇ ಬರೆಸಿದ. ಈ ಸಲ ಊರಿಗೆ ಹೋಗುವುದಿಲ್ಲವೇ ಎಂದು ಜತೆಯ ಮಸೂದ್ ಕೇಳಿದಾಗ, “ಊರು ಎಲ್ಲಿಗೂ ಓಡಿಹೋಗುವುದಿಲ್ಲ” ಎಂದು ಹಿಂದಿಯಲ್ಲಿ ಗತ್ತಿನಿಂದ ಹೇಳಿದ.

ವೀಸಾದ ಅರ್ಜಿಗೆ ಹೆಂಡತಿಯ ಸಹಿ ಬೇಕಿತ್ತು. ಒಂದು ಸಂಜೆ, ಟಿಕೆಟಿನ ಕಾಗದಕ್ಕೆ ಸಹಿ ಬೇಕು ಎಂದಷ್ಟೇ ಹೇಳಿ, ಅವಳನ್ನು ಕರೆದುಕೊಂಡು ಮುಹರ್ರಕ್‌ಗೆ ಹೋದ. ಆಲ್ಫೋನ್ಸ್ ಎದ್ದು ನಿಂತು ಲೀಲಾಕ್ಷಿಗೆ ಕುರ್ಚಿ ಎಳೆದುಕೊಟ್ಟ, ಚಾ ಹೇಳಿದ.

“ಅಕ್ಕ, ನೀವೇ ಹೇಳಿ. ಇವರ ಹತ್ರ ಕೇಳಿ ಕೇಳಿ ನಂಗೆ ಸಾಕಾಯ್ತು. ರೈಲು ಕೂರ್‌ನಲ್ಲಿ ನಿಲ್ತದೆ. ನೀವು ಅಲ್ಲಿ ಇಳಿತೀರಾ?”

ಲೀಲಾಕ್ಷಿಯ ಮುಖ ಅರಳಿತು. “ಬಾರ್ಕೂರಿನಲ್ಲಿ ನಿಲ್ತದಾ? ಎಕ್ಸ್‌ಪ್ರೆಸ್ ಅಲ್ಲಿ ನಿಲ್ಲುದಿಲ್ಲ, ಉಡುಪಿಯಲ್ಲೇ ಇಳಿಬೇಕು ಅಂತ ಅಣ್ಣ ಫೋನಿನಲ್ಲಿ ಹೇಳಿದ್ದ. ಇಳಿತೇವೆ, ಇಳಿಯದೆ ಮತ್ತೆ!”

ಆಲ್ಫೋನ್ಸ್ ವಸಂತಕುಮಾರನ ಮುಖ ನೋಡಿದ. ವಸಂತಕುಮಾರ ನಕಾಶೆ ನೋಡಿದ. ಲೀಲಾಕ್ಷಿಯೂ ಬಗ್ಗಿ ನೋಡಿದಳು; ಅಲ್ಲಿ ಹಿಮ, ಹಿಮದ ನಡುವೆ ಟಿವಿಯಲ್ಲಿ ಕಂಡಿದ್ದ ಕೆಂಪು ರೈಲು.

“ಇದೆಂಥ?” ಎಂದಳು.

“ನಿನ್ನ ರೈಲು” ಎಂದ ವಸಂತಕುಮಾರ. ಸ್ವರ ಅರ್ಧಕ್ಕೇ ಇಳಿದುಹೋಗಿತ್ತು.

“ಇದಾ? ನಾನು ಹೇಳಿದ್ದು ನಮ್ಮದು. ಬೊಂಬಾಯಿಯಿಂದ ಊರಿಗೆ ಹೊಸತಾಗಿ ಶುರುವಾಗಿದೆಯಲ್ಲ, ಕೊಂಕಣ ರೈಲು... ಅದರಲ್ಲೂ ಹೀಗೇ ಸುರಂಗ, ಸೇತುವೆ ಉಂಟಂತೆ. ಅದಕ್ಕೇ ಟಿವಿ ನೋಡಿ...”

ಹಾಲಿನ ಪುಡಿ, ಟಾರ್ಚು, ಸೀರೆ, ಎಲ್ಲವೂ ಒಂದೊಂದಾಗಿ ವಸಂತಕುಮಾರನ ತಲೆಯಲ್ಲಿ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ನಗು ಬರಬೇಕಿತ್ತು. ಆಲ್ಫೋನ್ಸ್ ನಗುತ್ತಲೂ ಇದ್ದ. ಆದರೆ ಲೀಲಾಕ್ಷಿ ನಗಲಿಲ್ಲ. ಗಂಡನ ಮುಖವನ್ನೊಮ್ಮೆ ನೋಡಿ, ನಕಾಶೆಯನ್ನು ಮೆಲ್ಲನೆ ಮಡಿಸಿದಳು.

“ಇರ್ಲಿ. ಇದೂ ಒಳ್ಳೆದೇ ಉಂಟು. ನೀವು ಇಷ್ಟೆಲ್ಲ ಮಾಡಿದ್ದೀರಿ. ಸಹಿ ಎಲ್ಲಿ ಹಾಕ್ಬೇಕು?”

ಆ ‘ಇರ್ಲಿ’ ಅವನಿಗೆ ಚೆನ್ನಾಗಿ ಪರಿಚಯವಿತ್ತು. ನಾಲ್ಕು ವರ್ಷ ಮನೆಯಲ್ಲಿ ಕೇಳಿದ್ದು ಅದೇ ಸ್ವರ. ಅವಳು ಪೆನ್ನು ಹಿಡಿಯುವ ಮೊದಲೇ ಅವನು ಅರ್ಜಿಯ ಕಾಗದವನ್ನು ಎಳೆದುಕೊಂಡು, “ನಾಳೆ ಬರ್ತೇವೆ ಆಲ್ಫೋನ್ಸ್” ಎಂದು ಎದ್ದ.

ಕಾರು ಅರಾದ್‌ಗೆ ಬಂದು ಮನೆಯ ಕೆಳಗೆ ನಿಂತಿತು. ಇಬ್ಬರೂ ಇಳಿಯಲಿಲ್ಲ. ತಲೆಯ ಮೇಲೆ ವಿಮಾನವೊಂದು ಏರ್‌ಪೋರ್ಟಿಗೆ ಇಳಿಯಿತು. ಅದರ ಸದ್ದು ಅಡಗಿದ ಮೇಲೆ ವಸಂತಕುಮಾರ, ನಾಲ್ಕು ವರ್ಷದ ಹಿಂದೆ ಕೇಳಬೇಕಾಗಿದ್ದನ್ನು ಕೇಳಿದ.

“ಆವತ್ತು ಎಲ್ಲಿ ತಡ ಆಯ್ತು ಲೀಲಾ?”

ಅವಳು ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದಳು. ಬೊಂಬಾಯಿಯಲ್ಲಿ ಮುಂದಿನ ವಿಮಾನಕ್ಕೆ ಸೀಟು ಸಿಗದೆ ಬಸ್ಸು ಹತ್ತಿದ್ದು. ದಾರಿಯ ಒಂದು ಘಾಟಿಯಲ್ಲಿ ಮಳೆಗೆ ಗುಡ್ಡ ಜರಿದು ಬಸ್ಸು ನಿಂತದ್ದು. ಮುಂದೆ ಲಾರಿ, ಹಿಂದೆ ಲಾರಿ, ಸುತ್ತ ಗುರುತಿನವರು ಒಬ್ಬರೂ ಇಲ್ಲ, ಎಲ್ಲೂ ಫೋನಿಲ್ಲ. “ನಂಗೋಸ್ಕರ ಕಾದರಂತೆ. ಎಷ್ಟು ಅಂತ ಕಾಯ್ಲಿಕ್ಕೆ ಆಗ್ತದೆ? ನಾನು ಮುಟ್ಟುವಾಗ ಬೂದಿಯೂ ತಣ್ಣಗಾಗಿತ್ತು. ಆ ಬಸ್ಸಿನಲ್ಲಿ ಕೂತು ನಾನು ಒಂದೇ ಯೋಚನೆ ಮಾಡ್ತಿದ್ದೆ, ನಮ್ಮೂರು ಇಷ್ಟು ದೂರವಾ? ಈಗ ರೈಲು ಬಂತು ಅಂತ ಅಣ್ಣ ಹೇಳಿದ. ಎಷ್ಟು ದೂರ ಅಂತ ಒಮ್ಮೆ ಕೂತು ನೋಡ್ಬೇಕು ಅನ್ನಿಸ್ತು, ಅಷ್ಟೇ.”

ಈ ಹೆಂಗಸು ನಾಲ್ಕು ವರ್ಷ ಇದನ್ನು ಒಬ್ಬಳೇ ಹೊತ್ತುಕೊಂಡು ತನಗೆ ಅನ್ನ ಬಡಿಸಿದಳಲ್ಲ ಎಂದು ವಸಂತಕುಮಾರನಿಗೆ ತನ್ನ ಮೇಲೆಯೇ ಸಿಟ್ಟು ಬಂತು. “ಕೋಟು ಏನು ಮಾಡುವ?” ಎಂದ.

“ಅಣ್ಣನಿಗೆ ಕೊಡುವ” ಎಂದಳು ಲೀಲಾಕ್ಷಿ. ಈಗ ಇಬ್ಬರಿಗೂ ನಗು ಬಂತು, ನಗುತ್ತಲೇ ಅವಳು ಅತ್ತಳು.

ಆಫೀಸಿನಲ್ಲಿ ಒಂದು ತಿಂಗಳು ಅವನನ್ನು ಗೋಳು ಹೊಯ್ದುಕೊಂಡರು. “ಏನು, ಆಲ್ಪ್ಸ್ ಬಾರ್ಕೂರಿಗೆ ಬಂತಾ?” ಎಂದರೆ, “ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಮಾರಾಯ್ರೆ” ಎಂದು ನಕ್ಕುಬಿಡುತ್ತಿದ್ದ. ಆ ಕೆಂಪು ರೈಲಿನ ಮೇಲೆ ಅವನಿಗೆ ಆಸೆ ಹೋಗಿರಲಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ, ಅಷ್ಟೇ.

ಜೂನ್ ಕೊನೆಗೆ ಬೊಂಬಾಯಿಯ ಕುರ್ಲಾದಲ್ಲಿ ರೈಲು ಹತ್ತಿದರು. ಲೀಲಾಕ್ಷಿ ಕಿಟಕಿ ಬಿಟ್ಟು ಕದಲಲಿಲ್ಲ. ಸುರಂಗ ಬಂದಾಗಲೆಲ್ಲ ಮಗುವಿನಂತೆ ಗಂಡನ ತೋಳು ಹಿಡಿದಳು, ಸೇತುವೆ ಬಂದಾಗ ಬಿಟ್ಟಳು. ಒಮ್ಮೆ ಇಬ್ಬರಿಗೂ ನಿದ್ದೆ ಹತ್ತಿತು. ಕಣ್ಣು ಬಿಡುವಾಗ ಬೆಳಕಾಗಿ, ಹೊರಗೆ ಕುಂದಾಪುರದ ಕಡೆಯ ತೆಂಗಿನ ತೋಟಗಳು ಹಿಂದಕ್ಕೆ ಸರಿಯುತ್ತಿದ್ದವು. ಸ್ವಲ್ಪ ಹೊತ್ತಿಗೆ ಹಳದಿ ಹಲಗೆಯೊಂದು ಸರ್ರನೆ ದಾಟಿತು: ಬಾರ್ಕೂರು. ರೈಲು ನಿಲ್ಲಲಿಲ್ಲ.

“ಬಂತಾ?” ಎಂದಳು ಲೀಲಾಕ್ಷಿ. ಹಿಂದೆ ಉಳಿದ ಹಲಗೆಯನ್ನು ಕತ್ತು ಚಾಚಿ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು. “ನಿನ್ನೆ ಹತ್ತಿದ್ದಲ್ವಾ ನಾವು? ಇಷ್ಟೇ ಹೊತ್ತಾ?”

ಮುಂದೆ ಉಡುಪಿ, ಇಳಿಯಬೇಕು. ಹಾಲಿನ ಪುಡಿಯ ಚೀಲಗಳನ್ನು ಎಳೆದು ಬಾಗಿಲಿಗೆ ಸಾಗಿಸಬೇಕೆಂದು ಅವನು ಗಡಿಬಿಡಿಯಿಂದ ಎದ್ದ. ಅವಳು ಅವನ ಅಂಗಿಯ ತುದಿ ಹಿಡಿದು ಜಗ್ಗಿದಳು.

“ನಮ್ಮೂರು ಇಷ್ಟೇ ದೂರ” ಎಂದಳು. ಮುಖ ಪೂರ್ತಿ ಒದ್ದೆಯಾಗಿತ್ತು. “ಚೂರು ಕೂರಿ.”

ಅವನು ಚೀಲ ಬಿಟ್ಟು ಕೂತ.