ಬೇಡ ಅಂದವರು ಯಾರು

ಚಿಕ್ಕಜಾಲದಲ್ಲಿ ನಮ್ಮದೊಂದು ಕಲ್ಯಾಣ ಮಂಟಪ ಇದೆ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ನಾನು ಕಟ್ಟಿಸಿದ್ದು. ಮೊದಲೆಲ್ಲ ಲಗ್ನದ ತಿಂಗಳುಗಳಲ್ಲಿ ಬಿಡುವೇ ಇರುತ್ತಿರಲಿಲ್ಲ. ಆಮೇಲೆ ಏರ್‌ಪೋರ್ಟ್ ರಸ್ತೆಯುದ್ದಕ್ಕೂ ಎ.ಸಿ. ಹಾಲ್‌ಗಳೆದ್ದವು. ನಮಗೆ ಫೋನ್ ಮಾಡುವವರು ನಾಮಕರಣ, ಸೀಮಂತ, ಹುಟ್ಟುಹಬ್ಬ ಎನ್ನುವವರೇ ಹೆಚ್ಚು. ಅಷ್ಟು ದೊಡ್ಡ ಹಾಲ್ ಬೇಡ ಎಂದು ಫೋನ್ ಇಡುತ್ತಿದ್ದರು.

ನನ್ನ ಜೊತೆ ಮಂಟಪ ನೋಡಿಕೊಳ್ಳುವ ಮಗಳು, ನಡುವೆ ಗೋಡೆ ಹಾಕಿ ಎರಡು ಹಾಲ್ ಮಾಡೋಣ ಎಂದಳು. ಅವಳು ಕೇಳಿದಾಗಲೆಲ್ಲ ನನ್ನದು ಒಂದೇ ಉತ್ತರ.

“ನಂದೇನಮ್ಮ? ಕೆಲ್ಸದೋರು ಒಪ್ಪಲ್ಲ. ಅಡುಗೆಮನೆ ಅಕ್ಕ ಅಂತೂ ಬಿಟ್ಟೇ ಹೋಗ್ತಾಳೆ.”

ಆ ಅಕ್ಕ ನಮ್ಮೂರಿನವಳೇ, ನನಗಿಂತ ದೊಡ್ಡವಳು. ಮಂಟಪ ಶುರುವಾದಾಗಿನಿಂದ ಅಡುಗೆಮನೆ ಅವಳದು.

ಒಂದು ಮಧ್ಯಾಹ್ನ ಮಗಳು ಎಲ್ಲರನ್ನೂ ಊಟದ ಹಾಲ್‌ಗೆ ಕರೆದಳು. ವಧೂವರರ ಹೆಸರು ಬರೆಯುವ ಬೋರ್ಡನ್ನು ಗೋಡೆಗೊರಗಿಸಿ ನಡುವೆ ಗೆರೆ ಎಳೆದಳು. ಬದಲಾಯಿಸಿ ಎಂದು ನೂಕುವ ಕಾರಣಗಳು ಒಂದು ಕಡೆ, ಬೇಡ ಎಂದು ಹಿಡಿದೆಳೆಯುವವು ಇನ್ನೊಂದು ಕಡೆ. ಮೊದಲನೆಯದು ಬೇಗ ತುಂಬಿತು. ಎರಡನೆಯದರಲ್ಲಿ ಗೋಡೆಯ ಖರ್ಚು, ಪಾರ್ಕಿಂಗ್ ಎಂದು ಬರೆದು, ಕೆಳಗೆ ‘ಕೆಲಸದವರ ವಿರೋಧ’ ಎಂದು ಸೇರಿಸಿ ಅಕ್ಕನ ಕಡೆ ತಿರುಗಿದಳು.

“ದೊಡ್ಡಮ್ಮಾ, ನಿಮ್ಗ್ಯಾಕೆ ಬೇಡ? ಹೇಳಿ, ಸರಿ ಮಾಡೋಣ.”

ಅಕ್ಕ ಒಮ್ಮೆ ನನ್ನ ಮುಖ ನೋಡಿದಳು. “ನಾವ್ಯಾವಾಗವ್ವಾ ಬ್ಯಾಡ ಅಂದ್ವಿ? ಸಣ್ಣ ಕಾರ್ಯ ಆದ್ರೆ ನಂಗೂ ಒಳ್ಳೇದೇಯ. ಆ ಮದ್ವೆ ಅನ್ನದ ಕೊಳದಪ್ಪಲೆ ಒಲೆಯಿಂದ ಇಳ್ಸಕ್ಕೆ ರಟ್ಟೇಲಿ ಸಕ್ತಿ ಇಲ್ಲ. ಗೌಡ್ರಿಗೆ ಇಷ್ಟ ಇಲ್ಲ ಅಂತ ಇಂಗೆ ಸುಮ್ಕಿದ್ವಿ.”

ಉಳಿದವರು ತಲೆ ತಗ್ಗಿಸಿದರು. ಮಗಳು ನನ್ನ ಕಡೆ ತಿರುಗದೆ, ಆ ಸಾಲನ್ನು ಅಂಗೈಯಿಂದ ಒರೆಸಿದಳು. ಅಲ್ಲಿ ಯಾರ ಹೆಸರು ಬರಬೇಕೆಂದು ಎಲ್ಲರಿಗೂ ಗೊತ್ತಿತ್ತು. ಅವಳು ಬರೆಯಲಿಲ್ಲ. ಬರೆದಿದ್ದರೇ ವಾಸಿಯಿತ್ತೇನೋ.

ನಿಜವಾದ ಕಾರಣ ಬಹಳ ಸಣ್ಣದು. ಮದುವೆಯ ದಿನ ಎರಡೂ ಕಡೆಯ ಹಿರಿಯರು ನನ್ನನ್ನು ಹುಡುಕಿಕೊಂಡು ಬಂದು ಕೈ ಮುಗಿಯುತ್ತಾರೆ, ಮೊದಲ ಪಂಕ್ತಿಯಲ್ಲಿ ಕೂರಿಸುತ್ತಾರೆ. ಹುಟ್ಟುಹಬ್ಬದ ಪಾರ್ಟಿಯಲ್ಲಿ ನನ್ನನ್ನು ಯಾರು ಕೇಳುತ್ತಾರೆ? ಇದನ್ನು ಬಾಯಿಬಿಟ್ಟು ಹೇಳಲಾಗದೆ, ರಟ್ಟೆ ಸೋತ ಹೆಂಗಸಿನ ಹೆಸರು ಹೇಳಿಕೊಂಡು ಬಂದಿದ್ದೆ.

ಸಂಜೆ ಅಡುಗೆಮನೆಗೆ ಹೋದೆ. ತಪ್ಪಾಯ್ತು ಎನ್ನಬೇಕೆಂದಿದ್ದೆ. ಬಾಯಿಗೆ ಬಂದದ್ದು ಬೇರೆ ಮಾತು.

“ರಟ್ಟೆ ನೋವು ಯಾವಾಗಿಂದ ಅಕ್ಕ?”

“ಓದೊರ್ಸಾನೇ ಏಳಿದ್ನಲ್ಲ ಗೌಡ್ರೇ,” ಎಂದಳು, ಸೊಪ್ಪು ಬಿಡಿಸುತ್ತಲೇ.

ಹೋದ ವರ್ಷವೇ ಹೇಳಿದ್ದಳಂತೆ. ಎಷ್ಟು ಯೋಚಿಸಿದರೂ ನನಗೆ ನೆನಪಾಗಲಿಲ್ಲ.

ಗೋಡೆ ಎದ್ದಿತು. ಈಗ ಭಾನುವಾರಗಳಲ್ಲಿ ಎರಡೂ ಹಾಲ್ ತುಂಬುತ್ತವೆ. ಮೊನ್ನೆ ನಾಮಕರಣಕ್ಕೆ ಬಂದ ಹುಡುಗನೊಬ್ಬ, “ಅಂಕಲ್, ಚಪ್ಪಲಿ ಎಲ್ಲಿ ಬಿಡೋದು?” ಎಂದ. ತೋರಿಸಿದೆ. ಅದರಿಂದ ನಾನಂದುಕೊಂಡಷ್ಟು ನೋವೇನೂ ಆಗಲಿಲ್ಲ. ನೋವಾಗುವುದು ಅಡುಗೆಮನೆಯಲ್ಲಿ. ನಾನು ಒಳಗೆ ಕಾಲಿಟ್ಟರೆ ಅಕ್ಕ ಈಗಲೂ ಮಂಡಿ ಹಿಡಿದುಕೊಂಡು ಎದ್ದು ನಿಲ್ಲುತ್ತಾಳೆ. ಕೂತ್ಕೋ ಅಂದರೂ ಕೇಳುವುದಿಲ್ಲ. ಹಾಗಾಗಿ ಆ ಕಡೆ ಹೋಗುವುದನ್ನೇ ಕಡಿಮೆ ಮಾಡಿದ್ದೇನೆ.