ಚಾಕು ತಾಗದ ಮಣೆ

ನನ್ನ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುವ ಮಣೆಯೊಂದಿದೆ. ಹಳೆಯ ತೇಗದ ಹಲಗೆ. ಕೈಯಾಡಿ ನುಣುಪಾಗಿ, ಎಣ್ಣೆ ಕುಡಿದು ಕಪ್ಪಾಗಿದೆ. ಮಗುಚಿದರೆ ಹಿಂಬದಿಯಲ್ಲಿ ತಿರುಪುಮೊಳೆಯ ತೂತುಗಳು ಕಾಣುತ್ತವೆ. ಇದರ ಮೇಲೆ ಏನನ್ನಾದರೂ ನಾದಬಹುದು, ಲಟ್ಟಿಸಬಹುದು. ಚಾಕು ಮಾತ್ರ ತಾಗಿಸುವಂತಿಲ್ಲ. ಅದು ನೋರಾರಿಂದ ನನಗೆ ಬಂದ ಕಟ್ಟಳೆ.

ನೋರಾ, ಐರ್ಲೆಂಡಿನ ಕಾರ್ಕ್ ನಗರದ ಅಂಚಿನ ಡಗ್ಲಸ್‌ನಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ. ನಾನಾಗ ಮಾಸ್ಟರ್ಸ್ ಮುಗಿಸಿ ನದಿದಂಡೆಯ ಒಂದು ಹೋಟೆಲಿನ ರಿಸೆಪ್ಷನ್ನಿಗೆ ಸೇರಿದ್ದೆ. ಎಂಬತ್ತು ದಾಟಿದವರನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಏಳುತ್ತಿರಲಿಲ್ಲ. ಬೇರೆ ಏನೇ ಕರೆದರೂ ಅವರು ತಿರುಗುತ್ತಿರಲಿಲ್ಲ. ಮೊದಲ ದಿನ ಹಲಗೆಯ ಮೇಲೆ ಈರುಳ್ಳಿ ಇಟ್ಟು ಚಾಕು ಎತ್ತಿದಾಗ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಬೇಡ ಹುಡುಗಿ. ಅದು ನಮ್ಮದಲ್ಲ, ವಾಪಸ್ ಕೊಡೋದಿದೆ."

"ಯಾರಿಗೆ?"

"ಹಡಗಿಗೆ," ಎಂದರು, ಪಕ್ಕದ ಮನೆಯವರ ಪಾತ್ರೆಯ ಮಾತಾಡುವಷ್ಟು ಸಹಜವಾಗಿ.

ಅವರ ತಂದೆ ಶ್ರೀಮಂತರೊಬ್ಬರ ವಿಹಾರನೌಕೆಯಲ್ಲಿ ಕೆಲಸಕ್ಕಿದ್ದರಂತೆ. ಹಾಲುಬಿಳುಪಿನ ನೌಕೆ, ಮಖಮಲ್ಲಿನ ಪರದೆಗಳು, ಸಂಜೆಯ ಊಟಕ್ಕೆ ಮಡಚಿ ಬಿಡಿಸುವ ತೇಗದ ಮೇಜು. ಎರಡನೆಯ ಮಹಾಯುದ್ಧ ಬಂತು. ಆ ವರ್ಷಗಳನ್ನು ಇಲ್ಲಿನವರು ಎಮರ್ಜೆನ್ಸಿ ಎನ್ನುತ್ತಾರೆ; ನಮ್ಮ ಹಿರಿಯರ ಬಾಯಲ್ಲಿ ಆ ಶಬ್ದ ಬೇರೆಯದೇ ಭಯವನ್ನು ಎಬ್ಬಿಸುತ್ತದೆ. ಐರ್ಲೆಂಡ್ ಯುದ್ಧಕ್ಕೆ ಇಳಿಯಲಿಲ್ಲ, ಆದರೆ ಕಡಲಿಗೆ ಅದು ತಿಳಿಯಬೇಕಲ್ಲ. ಯಾರೋ ಬಿಟ್ಟ, ತಾಗಿದರೆ ಸಿಡಿಯುವ ಮೈನುಗಳು ಅಲೆಯ ಮೇಲೆ ತೇಲಿ ಬರುತ್ತಿದ್ದವು. ಕಾವಲಿಗೆ ಹಡಗುಗಳು ಸಾಲದೆ ಸರ್ಕಾರ ಆ ನೌಕೆಯನ್ನೂ ತೆಗೆದುಕೊಂಡಿತು. ಬಿಳಿಯ ಮೇಲೆ ಬೂದು ಬಣ್ಣ ಬಳಿದರು, ಮುಂಭಾಗದಲ್ಲಿ ತೋಪು ಕೂರಿಸಿದರು, ಮದ್ದಿನ ಪೆಟ್ಟಿಗೆಗಳಿಗೆ ಜಾಗ ಮಾಡಲು ಮೇಜನ್ನು ಬಿಚ್ಚಿ ದಂಡೆಗೆಸೆದರು. ಸೂಪು ಬಡಿಸುತ್ತಿದ್ದ ತಂದೆ ಸಮವಸ್ತ್ರ ತೊಟ್ಟು ಅದೇ ನೌಕೆಯಲ್ಲಿ ಉಳಿದರು. ಮೇಜಿನ ಒಂದು ಹಲಗೆಯನ್ನು ಮನೆಗೆ ತಂದು, ನೌಕೆ ಮತ್ತೆ ಬಿಳಿಯಾದಾಗ ಇದನ್ನು ಜೋಡಿಸಬೇಕು, ಗೀರು ಬೀಳಿಸಬೇಡಿ ಎಂದರಂತೆ.

ಯುದ್ಧ ಮುಗಿಯಿತು. ನೌಕೆ ಮಾತ್ರ ಬಿಳಿಯಾಗಲಿಲ್ಲ. ಉಪ್ಪು ತಿಂದು, ದುಡಿದು ಹಣ್ಣಾದ ಅದು ಒಡೆಯರಿಗೆ ಬೇಡವಾಗಿ ಗುಜರಿಗೆ ಹೋಯಿತು. ಒಡೆಯುವುದನ್ನು ನೋಡಿಬಂದ ತಂದೆ ಹಲಗೆಯನ್ನು ಒರೆಸಿ ಅದರ ಜಾಗದಲ್ಲೇ ಇಟ್ಟರು. ಕಟ್ಟಳೆಯನ್ನು ಅವರು ಹಿಂತೆಗೆದುಕೊಳ್ಳಲಿಲ್ಲ. ಅವರ ನಂತರ ನೋರಾ ಕೂಡ.

2020ರ ಮಾರ್ಚಿನಲ್ಲಿ ನಮ್ಮ ಹೋಟೆಲಿಗೂ ಅಂಥದೇ ಕರೆ ಬಂತು. ಮದುವೆಗಳು ರದ್ದಾದವು, ಕಾರ್ಪೆಟ್ಟಿನ ಮೇಲೆ ಪ್ಲಾಸ್ಟಿಕ್ ಹಾಸಿದರು, ಪಿಯಾನೊಗೆ ಬಟ್ಟೆ ಮುಚ್ಚಿದರು. ಆಸ್ಪತ್ರೆ ಬಿಟ್ಟರೂ ಮನೆಗೆ ಹೋಗಲಾಗದವರು ನಮ್ಮ ಕೋಣೆಗಳಿಗೆ ಬರತೊಡಗಿದರು. ಬಾರಿನಲ್ಲಿದ್ದ ಚಿತ್ರದುರ್ಗದ ಹರೀಶ ಗ್ಲೌಸು ಏರಿಸುತ್ತ, "ಕಾಕ್‌ಟೇಲ್ ಮಾಡ್ತಿದ್ದ ಕೈ ಹೆಂಗಾಗೈತೆ ನೋಡು. ನಮ್ಮನ್ನೂ ಮಿಲಿಟ್ರಿಗೆ ಸೇರಿಸ್ಕೊಂಡ್ರು ಕಣೆ," ಎಂದ. ನೋರಾರಿಗೆ ಸೋಂಕು ತಗುಲದಿರಲೆಂದು ನಾನು ಹೋಟೆಲಿನಲ್ಲೇ ಉಳಿದೆ. ಫೋನಿನಲ್ಲಿ ಅವರು, "ನಿಂಗೂ ಬೂದು ಬಣ್ಣ ಬಳಿದ್ರಾ?" ಎಂದು ನಕ್ಕರು.

ಮರುವರ್ಷ ಜನವರಿಯಲ್ಲಿ ರೋಗ ಅವರನ್ನೇ ಹುಡುಕಿಕೊಂಡು ಬಂತು. ಆಸ್ಪತ್ರೆಯಲ್ಲಿ ಚೇತರಿಸಿಕೊಂಡ ಮೇಲೆ, ಮನೆಗೆ ಹೋಗುವ ಮೊದಲು ನಾಲ್ಕು ದಿನ ಇರಲೆಂದು ಅವರನ್ನು ನಮ್ಮ ಹೋಟೆಲಿಗೇ ಕಳಿಸಿದರು. ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು, ಬಾಗಿಲು ಬಡಿದು, ನೆಲದ ಹಳದಿ ಟೇಪಿನಾಚೆ ಸರಿದು ನಿಲ್ಲಬೇಕು. ಆಮೇಲೆ ಬಾಗಿಲು ತೆರೆಯುತ್ತದೆ. ನಾವು ಮಾತಾಡಿದ್ದೆಲ್ಲ ಆ ಟೇಪಿನ ಆಚೆಈಚೆ ನಿಂತು.

"ಮಣೆ ಹೇಗಿದೆ?"

"ಅಡುಗೆಮನೇಲಿದೆ ನೋರಾ. ಯಾರೂ ಮುಟ್ಟಿಲ್ಲ."

"ಮುಟ್ಟಬೇಕು. ಸುಮ್ನೆ ಬಿಟ್ರೆ ಮರ ಸೀಳತ್ತೆ."

"ನೀವೇ ಬಂದು ನೋಡ್ಕೊಳ್ಳಿ."

"ಬರ್ತೀನಿ. ನಾನು ಗ್ರ್ಯಾಂಡ್, ಚೆನ್ನಾಗೇ ಇದೀನಿ. ನಿಮ್ಮ ಈ ಬ್ರೆಡ್ ತಿಂದೇ ಕಾಯಿಲೆ ಬೀಳಬೇಕಷ್ಟೆ." ಸ್ವಲ್ಪ ಹೊತ್ತು ಬಾಗಿಲ ಚೌಕಟ್ಟು ಹಿಡಿದು ಉಸಿರು ಎಳೆದುಕೊಂಡರು. "ನನ್ನನ್ನ ಮನೆಗೆ ಕಳಿಸು ಹುಡುಗಿ. ಆ ಹಡಗಿನ ಥರ ಆಗೋದು ಬೇಡ."

ಕಳಿಸುತ್ತೇನೆ ಎಂದೆ. ಬೇರೆ ಏನು ತಾನೆ ಹೇಳಲಿ?

ದಿನಚರಿ ಬರೆಯುವ ಚಟದವಳು ನಾನು. ಯಾವ ಕೋಣೆಯ ತಟ್ಟೆಯಲ್ಲಿ ಏನು ಉಳಿಯಿತೆಂದೂ ಬರೆದಿಡುತ್ತಿದ್ದೆ. ನೋರಾರ ತಟ್ಟೆಯಲ್ಲಿ ಮೊದಲು ಬ್ರೆಡ್ ಉಳಿಯಿತು, ಆಮೇಲೆ ಸೂಪು, ಕೊನೆಗೆ ಚಹಾ. ಒಂದು ಮಧ್ಯಾಹ್ನ ಆಂಬುಲೆನ್ಸ್ ಬಂದು ಅವರನ್ನು ಮತ್ತೆ ಆಸ್ಪತ್ರೆಗೆ ಒಯ್ದಿತು. ಅಲ್ಲಿಂದ ಅವರು ಹಿಂದಿರುಗಲಿಲ್ಲ.

ಚರ್ಚಿನೊಳಗೆ ಬೆರಳೆಣಿಕೆಯ ಜನಕ್ಕಷ್ಟೇ ಅನುಮತಿ. ಆದರೆ ಈ ಊರಿನವರು ಅದಕ್ಕೂ ದಾರಿ ಕಂಡುಕೊಂಡಿದ್ದರು: ಶವದ ಗಾಡಿ ತೀರಿಕೊಂಡವರ ಮನೆಯ ಮುಂದೆ ಹಾದುಹೋಗುವಾಗ, ಬೀದಿಯವರೆಲ್ಲ ತಮ್ಮ ತಮ್ಮ ಗೇಟಿನಲ್ಲಿ ಬಂದು ನಿಲ್ಲುತ್ತಿದ್ದರು. "ಹೋಗು, ನಿನ್ ತಟ್ಟೆ ನಾನ್ ನೋಡ್ಕೋತೀನಿ," ಎಂದ ಹರೀಶ. ನಾನು ಮೊದಲೇ ಹೋಗಿ ನೋರಾರ ಮನೆಯ ಬಾಗಿಲನ್ನು ಹಾರುಹೊಡೆದು ತೆರೆದಿಟ್ಟೆ, ಅಡುಗೆಮನೆಯ ದೀಪ ಹಾಕಿದೆ. ಗಾಡಿ ಗೇಟಿನೆದುರು ಬಂದು ನಿಂತಿತು. ಮನೆಗೆ ಬರುತ್ತೇನೆಂದಿದ್ದವರು ಗೇಟಿನವರೆಗೆ ಬಂದರು. ಎದುರುಮನೆಯ ಮುದುಕ ಟೋಪಿ ತೆಗೆದ. ಗಾಡಿ ನಿಧಾನವಾಗಿ ಹೊರಟಿತು. ಬೀದಿ ಖಾಲಿಯಾದ ಮೇಲೆ ಒಳಗೆ ಹೋಗಿ ಹಿಟ್ಟು ಕಲಸಿ, ತಿನ್ನುವವರಿಲ್ಲದ ಒಂದೇ ಒಂದು ಚಪಾತಿ ಲಟ್ಟಿಸಿದೆ. ಮರ ಸೀಳಬಾರದಲ್ಲ.

ಗೆಳೆಯರೇ, ಬೂದು ಬಣ್ಣ ಬಳಿಯಲು ಒಂದು ವಾರ ಸಾಕು; ಅದರಡಿಯ ಬಿಳುಪು ಎಲ್ಲಿ ಹೋಗುತ್ತದೆ ಎಂಬುದು ಮಾತ್ರ ನನಗಿನ್ನೂ ತಿಳಿದಿಲ್ಲ. ಹೋಟೆಲಿನಲ್ಲಿ ಮತ್ತೆ ಮದುವೆಗಳು ನಡೆದವು. ನೆಲದಲ್ಲಿ ಉಳಿದ ಟೇಪಿನ ಅಂಟಿನ ಗೆರೆಯ ಮೇಲೆ ಮದುಮಕ್ಕಳು ನಡೆದರು. ಪ್ರತಿ ಸಲವೂ ನನ್ನ ಕಾಲು ಮಾತ್ರ ಅಲ್ಲಿ ತಡೆದು ನಿಲ್ಲುತ್ತಿತ್ತು. ಕೊನೆಗೆ ಆ ಕೆಲಸ ಬಿಟ್ಟು ಸ್ವೋರ್ಡ್ಸ್ ಎಂಬ ಬೇರೆ ಊರಿಗೆ ಬಂದೆ. ನೋರಾರ ಮನೆ ಮಾರಿದ ಅವರ ತಂಗಿಯ ಮಗಳು ಹಲಗೆಯನ್ನು ನನಗೇ ಕೊಟ್ಟಳು.

ಮೊನ್ನೆ ಹರೀಶ ಊಟಕ್ಕೆ ಬಂದಿದ್ದ. ಸಹಾಯ ಮಾಡುವ ಉಮೇದಿನಲ್ಲಿ ಮಣೆಯ ಮೇಲೆ ಟೊಮ್ಯಾಟೊ ಇಟ್ಟು ಚಾಕು ಎತ್ತಿದ. ನನಗೇ ತಿಳಿಯದಂತೆ ಅವನ ಮಣಿಕಟ್ಟು ಹಿಡಿದಿದ್ದೆ.

"ಬೇಡ. ಅದು ನಮ್ಮದಲ್ಲ."

"ಮತ್ತೆ ಯಾರ್ದು?"

ಒಂದು ತಟ್ಟೆ ತೆಗೆದು ಅವನ ಮುಂದಿಟ್ಟೆ. ಹಲಗೆಯನ್ನು ಒರೆಸಿ ಅದರ ಜಾಗದಲ್ಲಿಟ್ಟೆ.